ಮಾಜ್ದಾ ಎಂಎಕ್ಸ್-5 ಎನ್‌ಬಿ 1.8: ವಾರವೆಲ್ಲ ರಸ್ತೆಗೆ, ಭಾನುವಾರ ಟ್ರ್ಯಾಕಿಗೆ – ದೀರ್ಘ ಬಳಕೆಯ ವಿಮರ್ಶೆ

ಎನ್‌ಬಿ ಎಂದರೆ 1998ರಿಂದ 2005ರವರೆಗೆ ತಯಾರಾದ ಎರಡನೇ ತಲೆಮಾರಿನ ಎಂಎಕ್ಸ್-5, ಬಟ್ಟೆಯ ಟಾಪ್ ತೆರೆಯಬಹುದಾದ ಎರಡು ಸೀಟಿನ ಕಾರು. ತೂಕ ಒಂದು ಟನ್ನಿಗಿಂತ ಕೊಂಚ ಹೆಚ್ಚು, 1.8 ಲೀಟರ್ ಎಂಜಿನ್, 140–146 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ (ಚಕ್ರವನ್ನು ಎರಡು ತೋಳುಗಳಲ್ಲಿ ಹಿಡಿಯುವ ಸಸ್ಪೆನ್ಶನ್). ಬ್ರಿಟನ್ನಿನಲ್ಲಿ ಟ್ರ್ಯಾಕ್ ದಿನಗಳಿಗೆ (ಶುಲ್ಕ ಕೊಟ್ಟು ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕಲಿಸುವ ಕಾರು ಬೇರೆ ಸಿಗುವುದು ಕಷ್ಟ. ಆದರೆ ಇದನ್ನು ಕೊಂಡವರಲ್ಲಿ ಬಹಳಷ್ಟು ಜನ ಮೊದಲ ಹಣವನ್ನೇ ತಪ್ಪು ಕಡೆ ಹಾಕುತ್ತಾರೆ: ಏರ್ ಫಿಲ್ಟರ್, ಎಕ್ಸಾಸ್ಟ್, ಟರ್ಬೊ. ಈ ಕಾರು ಟ್ರ್ಯಾಕಿನಲ್ಲಿ ಸೋಲುವುದು ಶಕ್ತಿ ಸಾಲದೆ ಅಲ್ಲ, ಬಿಸಿ ತಾಳಲಾರದೆ.

ಅದಕ್ಕೂ ಮುಂಚೆ ತುಕ್ಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವುದು ಕರ್ನಾಟಕದಿಂದ ಹೋದವರ ಲೆಕ್ಕಕ್ಕೇ ಬರುವುದಿಲ್ಲ. ಎನ್‌ಬಿಯ ಮುಂಭಾಗದ ಚಾಸಿ ರೈಲುಗಳು, ಅಂದರೆ ಅಡಿಯ ಉದ್ದ ತೊಲೆಗಳು, ಹಲವು ಪದರದ ತಗಡಿನವು. ನೀರು ಒಳಗೆ ನಿಂತು, ಹೊರಗೆ ಬಣ್ಣ ಚೆನ್ನಾಗಿ ಕಾಣುತ್ತಿರುವಾಗಲೇ ಒಳಗಿನಿಂದ ಕೊರೆಯುತ್ತದೆ. ಕಾರನ್ನು ಲಿಫ್ಟಿಗೆ ಏರಿಸಿ, ಅಡಿಯ ಪ್ಲಾಸ್ಟಿಕ್ ತಟ್ಟೆ ಬಿಚ್ಚಿ, ಆಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಕಂಬಿ) ಹಿಡಿಕೆಯ ಸುತ್ತ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಬೇರೆ ಕಾರು ಹುಡುಕಿ. ಸೀಟಿನ ಹಿಂದೆ ಬಟ್ಟೆಯ ಟಾಪಿನ ನೀರು ಇಳಿಯುವ ತೂತುಗಳಿವೆ. ಅವು ಕಟ್ಟಿಕೊಂಡರೆ ಬಾಗಿಲ ಕೆಳಗಿನ ಸಿಲ್ ಕೊಳೆಯುತ್ತದೆ. ವರ್ಷಕ್ಕೆರಡು ಬಾರಿ ಮೆತ್ತನೆಯ ಪ್ಲಾಸ್ಟಿಕ್ ತಂತಿ ತೂರಿಸಿ ಸ್ವಚ್ಛ ಮಾಡಿದರೆ ಸಾಕು.

ಇನ್ನು ಬ್ರೇಕು. ಡಿಸ್ಕ್ ದೊಡ್ಡದು ಮಾಡುವ ಅಗತ್ಯ ಸ್ಟಾಂಡರ್ಡ್ ಎಂಜಿನ್ನಿಗೆ ಇಲ್ಲ. ಮುಂದಿನ 255 ಮಿ.ಮೀ. ಡಿಸ್ಕ್ ಈ ತೂಕಕ್ಕೆ ಸಾಲುತ್ತದೆ. ಕೈಕೊಡುವುದು ಹಳೆಯ ಬ್ರೇಕ್ ಆಯಿಲ್. ಡಾಟ್ 4 ದರ್ಜೆಯ ಆಯಿಲ್ ಗಾಳಿಯ ತೇವ ಹೀರುತ್ತದೆ, ತೇವ ಹೆಚ್ಚಿದಷ್ಟೂ ಕುದಿಯುವ ಬಿಂದು ಇಳಿಯುತ್ತದೆ, ನಾಲ್ಕನೇ ಸುತ್ತಿನಲ್ಲಿ ಆಯಿಲ್ ಕುದ್ದು ಪೆಡಲ್ ನೆಲಕ್ಕಿಳಿಯುತ್ತದೆ. ಹೆಚ್ಚು ತಾಪಕ್ಕೆ ತಯಾರಿಸಿದ ಡಾಟ್ 4 ಒಂದು ಲೀಟರ್ ತಂದರೆ ಇಡೀ ವ್ಯವಸ್ಥೆ ತೊಳೆದು ತುಂಬಿಯೂ ಮಿಗುತ್ತದೆ. ಬಲಗೈ ಸ್ಟಿಯರಿಂಗಿನ ಕಾರಿನಲ್ಲಿ ಗಾಳಿ ತೆಗೆಯುವ ಕ್ರಮ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಬ್ರೇಕ್ ಪ್ಯಾಡಿಗೆ ಫೆರೋಡೊ ಡಿಎಸ್2500 ಒಳ್ಳೆಯ ಮಧ್ಯಮ ಮಾರ್ಗ. ತಣ್ಣಗಿರುವಾಗಲೂ ಹಿಡಿಯುತ್ತದೆ, ಆದರೆ ಪೇಟೆಯ ಸಿಗ್ನಲ್ಲುಗಳಲ್ಲಿ ಕಿರುಗುಟ್ಟುತ್ತದೆ.

ಎಷ್ಟೋ ಜನರಿಗೆ ಗೊತ್ತಿಲ್ಲದ ಸಂಗತಿ ಹಿಂದಿನ ಕ್ಯಾಲಿಪರಿನದು (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ). ಪ್ಯಾಡ್ ಸವೆದಾಗ ಅದನ್ನು ಕೈಯಿಂದಲೇ ಹೊಂದಿಸಬೇಕು. ಕ್ಯಾಲಿಪರಿನ ಹಿಂಬದಿಯಲ್ಲಿ 14 ಮಿ.ಮೀ. ಬೋಲ್ಟೊಂದು ಮುಚ್ಚಳದಂತೆ ಇದೆ. ಅದನ್ನು ಬಿಚ್ಚಿದರೆ ಒಳಗೆ 4 ಮಿ.ಮೀ. ಅಲೆನ್ ಕೀ ಕೂರುವ ಸ್ಕ್ರೂ. ಚಕ್ರ ತಿರುಗದೆ ಬಿಗಿಯಾಗುವವರೆಗೆ ತಿರುಗಿಸಿ, ಮೂರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಇದನ್ನು ಮಾಡದೆ ಪೆಡಲ್ ಉದ್ದವಾಯಿತೆಂದು ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಭಾಗ) ಬದಲಿಸಿದವರಿದ್ದಾರೆ. ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ನುಗಳೂ ತುಕ್ಕಿಗೆ ಅಂಟಿಕೊಳ್ಳುತ್ತವೆ; ವರ್ಷಕ್ಕೊಮ್ಮೆ ಬಿಚ್ಚಿ ಒರೆಸಿ, ರಬ್ಬರಿಗೆ ಒಗ್ಗುವ ಗ್ರೀಸ್ ಹಚ್ಚಿ.

ಎಂಜಿನ್ನಿನ ತಾಪದ ಮೂಲ ಅದರ ಹುಟ್ಟಿನಲ್ಲೇ ಇದೆ. ಬಿಪಿ ಎಂಬ ಈ ಎಂಜಿನ್ ಮಾಜ್ದಾ 323ರಂಥ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಅಡ್ಡಲಾಗಿ ಕೂರುತ್ತಿತ್ತು. ನೀರಿನ ಪಂಪು ಒಂದು ತುದಿಯಲ್ಲಿ, ತಾಪಕ್ಕೆ ತಕ್ಕಂತೆ ನೀರಿನ ಹರಿವನ್ನು ತೆರೆಯುವ ಥರ್ಮೋಸ್ಟಾಟ್ ಇನ್ನೊಂದು ತುದಿಯಲ್ಲಿ. ಎಂಎಕ್ಸ್-5ರಲ್ಲಿ ಅದನ್ನು ಉದ್ದಕ್ಕೆ ತಿರುಗಿಸಿದಾಗ ಥರ್ಮೋಸ್ಟಾಟ್ ಪಂಪಿನ ಪಕ್ಕಕ್ಕೇ ಬಂತು. ನೀರು ಮುಂದೆಯೇ ಹೊಕ್ಕು ಮುಂದೆಯೇ ಹೊರಬೀಳುವುದರಿಂದ ಹಿಂದಿನ ನಾಲ್ಕನೇ ಸಿಲಿಂಡರ್ ಹೆಚ್ಚು ಕಾಯುತ್ತದೆ. 2001ರ ನಂತರದ ಎಂಜಿನ್ನುಗಳ ಹೆಡ್ (ಎಂಜಿನ್ನಿನ ಮೇಲ್ಭಾಗ) ಕೆಳಗಿನ ಗ್ಯಾಸ್ಕೆಟ್ಟಿನಲ್ಲಿ ನೀರಿನ ತೂತುಗಳನ್ನು ಬದಲಿಸಿ ಸ್ವಲ್ಪ ಸರಿಪಡಿಸಿದರು. ಪೂರ್ತಿ ಪರಿಹಾರ ಬೇಕಿದ್ದರೆ ಥರ್ಮೋಸ್ಟಾಟನ್ನು ಹೆಡ್ಡಿನ ಹಿಂಬದಿಗೆ ಸಾಗಿಸುವ ರೀರೂಟ್ ಕಿಟ್ ಹಾಕಬೇಕು. ಟರ್ಬೊ ಇಲ್ಲದ ಕಾರಿಗೆ, ಬ್ರಿಟನ್ನಿನ ಹವೆಯಲ್ಲಿ, ಅದಕ್ಕಿಂತ ಮೊದಲು ಹೊಸ ರೇಡಿಯೇಟರ್ ಹಾಕಿಸಿ. ಹಳೆಯದರ ಮೇಲಿನ ಪ್ಲಾಸ್ಟಿಕ್ ಟ್ಯಾಂಕು ಕಪ್ಪಿನಿಂದ ಕಂದು ಬಣ್ಣಕ್ಕೆ ತಿರುಗಿದ್ದರೆ ಒಡೆಯುವ ದಿನ ದೂರವಿಲ್ಲ. ಕೂಲಂಟ್ 6 ಲೀಟರ್ ಹಿಡಿಯುತ್ತದೆ. ಅಡಿಯ ತಟ್ಟೆಯನ್ನು ಮಾತ್ರ ಎಸೆಯಬೇಡಿ. ಗಾಳಿ ರೇಡಿಯೇಟರಿನ ಮೂಲಕವೇ ಹಾಯುವಂತೆ ಮಾಡುವುದು ಅದು.

ಡ್ಯಾಶ್‌ಬೋರ್ಡಿನ ಮುಳ್ಳುಗಳನ್ನು ನಂಬಬೇಡಿ. ತಾಪದ ಮುಳ್ಳು ಏರಿಳಿತವನ್ನು ಮುಚ್ಚಿ ಮಧ್ಯದಲ್ಲೇ ನಿಲ್ಲುವಂತೆ ಮಾಡಿದ್ದು. ಆಯಿಲ್ ಒತ್ತಡದ ಮುಳ್ಳಿನ ಹಿಂದೆ ಇರುವುದು ಬರೀ ಸ್ವಿಚ್ಚು, ಒತ್ತಡ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಇವೆರಡಕ್ಕೂ ನಿಜವಾದ ಗೇಜು ಹಾಕಿಸಿದ ಹಣ ಎಂದೂ ದಂಡವಲ್ಲ.

ಸಸ್ಪೆನ್ಶನ್ ವಿಷಯದಲ್ಲಿ ಒಂದೇ ಮಾತು: ಜಾಸ್ತಿ ತಗ್ಗಿಸಬೇಡಿ. ಈ ಕಾರಿಗೆ ಕುಣಿಯಲು ಇರುವ ಜಾಗವೇ ಕಡಿಮೆ. ನೋಟಕ್ಕೆಂದು 50 ಮಿ.ಮೀ. ಇಳಿಸಿದರೆ ತಿರುವಿನ ನಡುವೆ ಬಂಪ್ ಸ್ಟಾಪ್ (ಸಸ್ಪೆನ್ಶನ್ ಕೊನೆಯವರೆಗೆ ಕುಗ್ಗಿದಾಗ ತಡೆಯುವ ರಬ್ಬರ್) ಮೇಲೆ ಕೂತು, ಗಟ್ಟಿತನ ಒಮ್ಮೆಲೇ ಹೆಚ್ಚಿ, ಹಿಂಭಾಗ ಹೇಳದೆ ಕೇಳದೆ ಜಾರುತ್ತದೆ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಮುಂದೆ 330 ಮಿ.ಮೀ., ಹಿಂದೆ ಅದಕ್ಕಿಂತ 5–7 ಮಿ.ಮೀ. ಹೆಚ್ಚು, ಇದು ಒಳ್ಳೆಯ ಅಳತೆ. ಅಲೈನ್‌ಮೆಂಟ್: ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲುವ ಕೋನ) ಮುಂದೆ ಮೈನಸ್ 2.2 ಡಿಗ್ರಿ, ಹಿಂದೆ ಮೈನಸ್ 1.8, ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಮುಂದೆ ಸೊನ್ನೆ, ಹಿಂದೆ ಒಟ್ಟು 2 ಮಿ.ಮೀ. ಒಳಕ್ಕೆ. ಈ ಹೊಂದಾಣಿಕೆಯ ಕ್ಯಾಮ್ ಬೋಲ್ಟುಗಳು ಉಪ್ಪಿಗೆ ಬುಷ್ಷಿನ (ಸಸ್ಪೆನ್ಶನ್ ತೋಳಿನ ಕೀಲಿನಲ್ಲಿ ಕೂರುವ ತೋಳಿನ ರಬ್ಬರ್ ಭಾಗ) ಒಳಗೆ ಬೆಸುಗೆಯಾದಂತೆ ಹಿಡಿದಿರುತ್ತವೆ. ಒಂದು ವಾರ ಮೊದಲಿನಿಂದಲೇ ತುಕ್ಕು ಬಿಡಿಸುವ ಎಣ್ಣೆ ಬಿಡುತ್ತ ಬನ್ನಿ, ಕೆಲವನ್ನು ಕತ್ತರಿಸಬೇಕಾದೀತು ಎಂದು ಹೊಸ ಬೋಲ್ಟು ತರಿಸಿಟ್ಟುಕೊಳ್ಳಿ. ರಬ್ಬರ್ ಬುಷ್ ಹಾಕಿದರೆ ಬೋಲ್ಟಿನ ಕೊನೆಯ ಬಿಗಿತ ಕಾರು ನೆಲದ ಮೇಲೆ ನಿಂತಿರುವಾಗಲೇ ಕೊಡಬೇಕು. ಚಕ್ರ ನೇತಾಡುತ್ತಿರುವಾಗ ಬಿಗಿದರೆ ಬುಷ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ.

ಚಕ್ರ 15x7, ನಾಲ್ಕು ಬೋಲ್ಟು, 100 ಮಿ.ಮೀ. ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ), ನಡುವಿನ ತೂತು 54.1 ಮಿ.ಮೀ. ಟೈರು 195/50. ನಾನ್‌ಕಾಂಗ್ ಎನ್‌ಎಸ್-2ಆರ್ ಟೈರು ಒಣ ಟ್ರ್ಯಾಕಿಗೆ ಸೊಗಸು, ರಸ್ತೆಯ ನಿಂತ ನೀರಿನಲ್ಲಿ ಎಚ್ಚರ ಬೇಕು. ನಟ್ಟಿಗೆ 110 ನ್ಯೂಟನ್ ಮೀಟರ್, ಟ್ರ್ಯಾಕಿನ ಪ್ರತಿ ಸರದಿಯ ನಂತರ ಮತ್ತೆ ಪರೀಕ್ಷೆ. ಹಿಡಿತ ಹೆಚ್ಚಿದಷ್ಟೂ ಮುಂದಿನ ವೀಲ್ ಬೇರಿಂಗ್ ಬೇಗ ಸವೆಯುತ್ತದೆ. ಅದು ಹಬ್ಬಿನ ಜೊತೆ ಇಡಿಯಾಗಿ ಬರುವ ಭಾಗ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಕೊಂಚ ಲೂಸ್ ಅನಿಸಿದರೂ ಬದಲಿಸಿ. ಅಗ್ಗದ ನಕಲು ಹಬ್ಬು ಕೆಲವೇ ಟ್ರ್ಯಾಕ್ ದಿನ ಬಾಳುತ್ತದೆ.

ರೋಲ್ ಬಾರ್ (ಕಾರು ಮಗುಚಿದಾಗ ತಲೆ ಕಾಯುವ, ಸೀಟಿನ ಹಿಂದಿನ ಉಕ್ಕಿನ ಕಮಾನು) ಹಾಕಿಸದೆ ಟ್ರ್ಯಾಕಿಗೆ ಇಳಿಯಬೇಡಿ. ಹೆಲ್ಮೆಟ್ ಹಾಕಿ ಕೂತಾಗ, ಬಾರಿನ ತುದಿಯಿಂದ ಮುಂಗಾಜಿನ ಮೇಲಂಚಿಗೆ ಕೋಲು ಇಟ್ಟರೆ ತಲೆ ಅದಕ್ಕಿಂತ 50 ಮಿ.ಮೀ. ಕೆಳಗಿರಬೇಕು. ಎತ್ತರದವರು ಸೀಟಿನ ತಳದ ಫೋಮ್ ಕೆತ್ತಿ ಎರಡು ಮೂರು ಸೆಂ.ಮೀ. ಗಳಿಸಬಹುದು. ರಸ್ತೆಯಲ್ಲಿ ಹೆಲ್ಮೆಟ್ ಇರುವುದಿಲ್ಲ, ಬಾರು ತಲೆಯ ಹಿಂದೆಯೇ ಇರುತ್ತದೆ. ಬಾರಿಗೆ ಎಸ್‌ಎಫ್‌ಐ 45.1 (ರೇಸಿಂಗ್ ಸುರಕ್ಷತಾ ಮಾನದಂಡ) ದರ್ಜೆಯ ಗಟ್ಟಿ ಪ್ಯಾಡಿಂಗ್ ಸುತ್ತಲೇಬೇಕು. ಪೈಪಿಗೆ ಸುತ್ತುವ ಮೆತ್ತನೆಯ ಸ್ಪಂಜು ಪೆಟ್ಟು ತಡೆಯುವುದಿಲ್ಲ.

ಮಾರ್ಪಾಡುಗಳನ್ನೆಲ್ಲ ವಿಮೆಯವರಿಗೆ ತಿಳಿಸಿ. ಸಾಮಾನ್ಯ ಪಾಲಿಸಿ ಟ್ರ್ಯಾಕಿಗೆ ಅನ್ವಯಿಸುವುದಿಲ್ಲ, ಆ ದಿನಕ್ಕೆ ಬೇರೆಯೇ ಕೊಳ್ಳಬೇಕು. ಎಕ್ಸಾಸ್ಟ್ ಬದಲಿಸಲೇಬೇಕೆಂದಿದ್ದರೆ ಸದ್ದಿನ ಮಿತಿ ಮೊದಲು ಕೇಳಿ: ಬಹಳ ಕಡೆ ನಿಂತ ಕಾರಿಗೆ 105 ಡೆಸಿಬೆಲ್, ಕೆಲವು ಕಡೆ ಇನ್ನೂ ಕಡಿಮೆ. ಮೈಕ್ ಹಿಡಿಯುವುದು ಪೈಪಿನಿಂದ ಅರ್ಧ ಮೀಟರ್ ದೂರದಲ್ಲಿ. ಒಂದು ಡೆಸಿಬೆಲ್ ಮೀರಿದರೂ ಶುಲ್ಕ ಹೋಯಿತು, ದಿನವೂ ಹೋಯಿತು.