ಕಾರ್ಡ್ ಸತ್ತಿರಲಿಲ್ಲ: ಒಂದೇ ಲ್ಯಾಪ್‌ಟಾಪ್ ಮೇಲೆ ಡ್ರೈವರ್ ಹುಡುಕಿದ ನಾಲ್ಕು ದಾರಿ

"ವೈಫೈ ಕಾರ್ಡ್ ಹೋಗಿದೆ. ಹೊಸದು ಹಾಕ್ಬೇಕು, 1,800 ಆಗುತ್ತೆ." ಅಕ್ಕನ ಮಗ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿಸೋಕೆ ಕೊಟ್ಟಿದ್ದ. ವಾಪಸ್ ಕೊಡುವಾಗ ಅಂಗಡಿಯವರು ಹೇಳಿದ ಮಾತು ಇದು. ಗೌರಿ ಹಬ್ಬಕ್ಕೆ ಅಂತ ನಾನು ಸಾಗರದ ಅಕ್ಕನ ಮನೆಗೆ ಹೋದೆ. ಚೀಲ ಕೆಳಗಿಡೋ ಮೊದಲೇ ಲ್ಯಾಪ್‌ಟಾಪ್ ನನ್ನ ಕೈಗೆ ಬಂತು. "ಮಾವ, ಕೊಡೋ ಹಿಂದಿನ ದಿನ ವೈಫೈ ಚೆನ್ನಾಗೇ ನಡೀತಿತ್ತು" ಅಂದ.

ನನಗೂ ಅನುಮಾನ ಬಂತು. ನಿನ್ನೆವರೆಗೆ ನಡೆಯುತ್ತಿದ್ದ ಕಾರ್ಡ್ ಸರಿಯಾಗಿ ವಿಂಡೋಸ್ ಹೊಸದಾಗಿ ಹಾಕಿದ ದಿನವೇ ಸಾಯುತ್ತಾ? ಸುಮ್ನೆ ನಂಬೋಕೆ ಆಗಲಿಲ್ಲ. ಕಾರ್ಡ್ ಅಲ್ಲ, ಫಾರ್ಮ್ಯಾಟ್‌ನಲ್ಲಿ ಅದರ ಡ್ರೈವರ್ ಹೋಗಿರಬೇಕು ಅನಿಸಿತು. ಡ್ರೈವರ್ ಅಂದರೆ ಕಾರ್ಡ್‌ನಂಥ ಒಳಗಿನ ಭಾಗಗಳ ಜೊತೆ ವಿಂಡೋಸ್ ಮಾತಾಡೋಕೆ ಬೇಕಾದ ಸಾಫ್ಟ್‌ವೇರ್.

ಮೂರು ದಿನ ರಜೆ ಇತ್ತು, ಹೊರಗೆ ಮಳೆ ಬಿಡುವ ಲಕ್ಷಣ ಇರಲಿಲ್ಲ. ಫಾರ್ಮ್ಯಾಟ್ ಆಗಿದ್ದರಿಂದ ಒಳಗೆ ಕಳೆದುಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ. ಹಾಗಾಗಿ ಡ್ರೈವರ್ ಹಾಕುವ ನಾಲ್ಕು ದಾರಿಗಳನ್ನು ಇದೇ ಮೆಷಿನ್ ಮೇಲೆ ಒಂದೊಂದಾಗಿ ನೋಡಿಬಿಡೋಣ ಅನಿಸಿತು. ಮೊದಲ ಮೂರು ದಾರಿಗೂ ವಿಂಡೋಸ್ 10 ಹೊಸದಾಗಿ ಹಾಕಿಕೊಂಡೇ ಶುರು ಮಾಡಿದೆ. 2018ರಲ್ಲಿ ಕೊಂಡ, ಇಂಟೆಲ್ ಏಳನೇ ತಲೆಮಾರಿನ ಐ3 ಇರುವ ಲ್ಯಾಪ್‌ಟಾಪ್ ಇದು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ, ಅದಕ್ಕೇ 10. ಅಕ್ಕ ಎರಡು ಸಲ ಬೈದಳು: "ಹಬ್ಬಕ್ಕೆ ಬಂದೋನು ಇದನ್ನೇ ಹಿಡ್ಕೊಂಡು ಕೂತಿದೀಯಲ್ಲೋ!"

ಮೊದಲು ಒಳಗೆ ಏನಿದೆ ಅಂತ ನೋಡಬೇಕಿತ್ತು. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿದರೆ ಬರುವ ಪಟ್ಟಿಯಲ್ಲಿ ಡಿವೈಸ್ ಮ್ಯಾನೇಜರ್ ಇದೆ. ತೆರೆದರೆ ಐದು ಹಳದಿ ಗುರುತು. ನೆಟ್‌ವರ್ಕ್ ಕಂಟ್ರೋಲರ್, ಎಸ್‌ಎಂ ಬಸ್ ಕಂಟ್ರೋಲರ್, ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್, ಡೇಟಾ ಅಕ್ವಿಸಿಷನ್ ಅಂತ ಏನೋ ಉದ್ದದ ಹೆಸರಿನ ಇನ್ನೊಂದು, ಕೊನೆಗೆ ಬರೀ 'ಅನ್‌ನೋನ್ ಡಿವೈಸ್'. ಡಿಸ್‌ಪ್ಲೇ ಜಾಗದಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತಿತ್ತು, ಅಂದರೆ ಗ್ರಾಫಿಕ್ಸ್ ಡ್ರೈವರ್ ಕೂಡ ಇಲ್ಲ. ಬ್ರೈಟ್‌ನೆಸ್ ಕಡಿಮೆ ಮಾಡೋಕೂ ಆಗುತ್ತಿರಲಿಲ್ಲ.

ಅಂಗಡಿಯವರ ಮಾತು ಇಲ್ಲೇ ಅರ್ಧ ಸುಳ್ಳಾಯಿತು. ಪೂರ್ತಿ ಸತ್ತ ಕಾರ್ಡ್ ಸಾಮಾನ್ಯವಾಗಿ ಈ ಪಟ್ಟಿಗೇ ಬರುವುದಿಲ್ಲ. ಹಳದಿ ಗುರುತು ಹಾಕಿಕೊಂಡು ಕೂತಿದೆ ಅಂದರೆ ಅದು 'ನಾನು ಇದ್ದೀನಿ, ನನ್ನ ಭಾಷೆ ಇಲ್ಲಿ ಯಾರಿಗೂ ಬರ್ತಿಲ್ಲ' ಅಂತ ಹೇಳಿದ ಹಾಗೆ. ಡಬಲ್ ಕ್ಲಿಕ್ ಮಾಡಿದರೆ ಕೋಡ್ 28. ಡ್ರೈವರ್ ಹಾಕಿಲ್ಲ ಅನ್ನುವುದಕ್ಕೆ ಇರುವ ಕೋಡ್ ಅದು.

ಅಲ್ಲೇ 'ಡೀಟೇಲ್ಸ್' ಅನ್ನುವ ಟ್ಯಾಬ್‌ಗೆ ಹೋಗಿ, ಕೆಳಗೆ ಬಿಚ್ಚಿಕೊಳ್ಳುವ ಪಟ್ಟಿಯಲ್ಲಿ 'ಹಾರ್ಡ್‌ವೇರ್ ಐಡೀಸ್' ಆರಿಸಿದೆ. ನಾಲ್ಕೈದು ಸಾಲು ಬರುತ್ತವೆ. ನೋಡೋಕೆ ಮಂತ್ರದ ಥರ ಇದ್ದರೂ ಓದೋದು ಸುಲಭ. ವೆನ್ ಅಂದರೆ ಚಿಪ್ ಮಾಡಿದವರು, ಡೆವ್ ಅಂದರೆ ಯಾವ ಚಿಪ್. ಇದರಲ್ಲಿ ವೆನ್ 10ಇಸಿ, ಡೆವ್ ಸಿ821 ಅಂತಿತ್ತು. 10ಇಸಿ ರಿಯಲ್‌ಟೆಕ್‌ನ ನಂಬರ್. ಸಿ821 ಅಂದರೆ ಅವರ 8821ಸಿಇ ಅನ್ನುವ ವೈಫೈ ಚಿಪ್. ಇಂಟೆಲ್‌ನ ನಂಬರ್ 8086, ಅವರ ಹಳೇ ಹೆಸರಾಂತ ಚಿಪ್ಪಿನ ಹೆಸರೇ ಇದು. ಕ್ವಾಲ್ಕಾಮ್ ಅಥೆರೋಸ್‌ಗೆ 168ಸಿ, ಎನ್‌ವಿಡಿಯಾಗೆ 10ಡಿಇ, ಎಎಂಡಿ ಗ್ರಾಫಿಕ್ಸ್‌ಗೆ 1002. ಅದೇ ಸಾಲಿನಲ್ಲಿ 'ಸಬ್‌ಸಿಸ್' ಅಂತ ಎಂಟು ಅಕ್ಷರ ಇರುತ್ತವೆ. ಅದರ ಕೊನೆಯ ನಾಲ್ಕು ಸಾಮಾನ್ಯವಾಗಿ ಲ್ಯಾಪ್‌ಟಾಪ್ ಕಂಪನಿಯ ಗುರುತು: 103ಸಿ ಎಚ್‌ಪಿ, 17ಎಎ ಲೆನೊವೊ, 1028 ಡೆಲ್.

ಈ ನಂಬರ್‌ಗೆ ಪೈಪೋಟಿ ಅಂದರೆ ಉಬುಂಟು ಪೆನ್‌ಡ್ರೈವ್. ಉಬುಂಟು ಅಂದರೆ ವಿಂಡೋಸ್ ಬದಲು ಬಳಸಬಹುದಾದ, ಲಿನಕ್ಸ್ ಜಾತಿಯ ಉಚಿತ ಆಪರೇಟಿಂಗ್ ಸಿಸ್ಟಮ್. ಇನ್‌ಸ್ಟಾಲ್ ಮಾಡದೆ, 'ಟ್ರೈ ಉಬುಂಟು' ಅಂತ ಬೂಟ್ ಮಾಡಿ, ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಪಿಸಿಐ' ಹೊಡೆದರೆ ಸಾಕು. ನಂಬರ್ ಬಿಡಿಸಿ ಓದುವ ಕಷ್ಟವೇ ಇಲ್ಲ, ಚಿಪ್ಪಿನ ಹೆಸರೇ ಇಂಗ್ಲಿಷಿನಲ್ಲಿ ಬರುತ್ತದೆ. ಅದಕ್ಕಿಂತ ದೊಡ್ಡ ಲಾಭ ಬೇರೆ. ಲಿನಕ್ಸ್‌ನಲ್ಲಿ ಬಹಳಷ್ಟು ಡ್ರೈವರ್‌ಗಳು ಕರ್ನಲ್ ಜೊತೆಗೇ, ಅಂದರೆ ಅದರ ತಿರುಳಿನ ಜೊತೆಗೇ ಬರುತ್ತವೆ. ಈ 8821ಸಿಇ ಕೂಡ 5.9ನೇ ಕರ್ನಲ್‌ನಿಂದ ಅದರಲ್ಲಿದೆ. ಡೆಸ್ಕ್‌ಟಾಪ್ ಬಂದ ಕೂಡಲೇ ಮೂಲೆಯಲ್ಲಿ ವೈಫೈ ಚಿಹ್ನೆ ಕಾಣಿಸಿತು, ಪಾಸ್‌ವರ್ಡ್ ಕೊಟ್ಟೆ, ನೆಟ್ ಬಂತು. ಹುಡುಗ ಬಾಯಿ ಬಿಟ್ಟು ನೋಡುತ್ತಿದ್ದ. 1,800 ಅಲ್ಲಿಗೇ ಉಳಿಯಿತು. ಹಾರ್ಡ್‌ವೇರ್ ಸರಿ ಇದೆಯೋ ಇಲ್ಲವೋ ಅಂತ ಗೊತ್ತು ಮಾಡಿಕೊಳ್ಳೋಕೆ ನನ್ನ ವೋಟು ಇದಕ್ಕೇ. ಬರೀ ಹೆಸರು ಸಾಕು ಅಂದರೆ ಡಿವೈಸ್ ಮ್ಯಾನೇಜರ್ ಎರಡು ನಿಮಿಷದ ಕೆಲಸ.

ಇನ್ನು ವಿಂಡೋಸ್‌ನಲ್ಲಿ ಡ್ರೈವರ್ ಹಾಕುವ ಕಥೆ.

ಮೊದಲನೆಯದು ವಿಂಡೋಸ್ ಅಪ್‌ಡೇಟ್. ಇದಕ್ಕೆ ನೆಟ್ ಬೇಕು, ನೆಟ್‌ಗೆ ವೈಫೈ ಬೇಕು, ವೈಫೈಗೆ ಡ್ರೈವರ್ ಬೇಕು. ಬಹಳ ಜನ ಇಲ್ಲೇ ಸಿಕ್ಕಿಹಾಕಿಕೊಂಡು ಅಂಗಡಿಗೆ ಹೋಗುತ್ತಾರೆ. ಬಿಡಿಸಿಕೊಳ್ಳೋಕೆ ಚಾರ್ಜರ್ ಕೇಬಲ್ ಸಾಕು. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ, ಫೋನಿನ ನೆಟ್ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಬರುತ್ತದೆ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇರುತ್ತದೆ. ಫೋನನ್ನು ಮೊದಲು ಮನೆಯ ವೈಫೈಗೆ ಜೋಡಿಸಿಟ್ಟರೆ ಮೊಬೈಲ್ ಡೇಟಾ ಕೂಡ ಖರ್ಚಾಗುವುದಿಲ್ಲ. ಟೆದರಿಂಗ್ ಆನ್ ಮಾಡಿ 'ಚೆಕ್ ಫಾರ್ ಅಪ್‌ಡೇಟ್ಸ್' ಒತ್ತಿ ಕಡುಬು ತಿನ್ನೋಕೆ ಹೋದೆ. ಅರ್ಧ ಗಂಟೆಯಲ್ಲಿ ಗ್ರಾಫಿಕ್ಸ್, ವೈಫೈ, ಆಡಿಯೋ ಎಲ್ಲಾ ಕೂತಿದ್ದವು. ಆಮೇಲೆ 'ವ್ಯೂ ಆಪ್ಷನಲ್ ಅಪ್‌ಡೇಟ್ಸ್' ಒಳಗೆ ಹೋಗಿ ನೋಡಿದರೆ ಇನ್ನೆರಡು ಕಾದಿದ್ದವು. ಈ ಜಾಗ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಅವನ್ನೂ ಹಾಕಿದ ಮೇಲೆ ಹಳದಿ ಗುರುತು ಐದರಿಂದ ಒಂದಕ್ಕೆ ಇಳಿಯಿತು. ಶ್ರಮದ ಲೆಕ್ಕದಲ್ಲಿ ಇದನ್ನು ಮೀರಿಸಿದ್ದು ಯಾವುದೂ ಇಲ್ಲ. ಆದರೆ ಇಲ್ಲಿ ಬರುವುದು ಯಾವಾಗಲೂ ಲೇಟೆಸ್ಟ್ ಆಗಿರಬೇಕಂತಿಲ್ಲ. ಗೇಮ್ ಆಡುವವರು ಗ್ರಾಫಿಕ್ಸ್‌ಗೆ ಮಾತ್ರ ಚಿಪ್ ಕಂಪನಿಯ ಸೈಟಿಗೇ ಹೋಗುವುದು ಒಳ್ಳೆಯದು.

ಎರಡನೆಯದು ಲ್ಯಾಪ್‌ಟಾಪ್ ಕಂಪನಿಯ ಸೈಟು. ಸೀರಿಯಲ್ ನಂಬರ್ ಕೇಳುತ್ತದೆ. ಅಡಿಯಲ್ಲಿದ್ದ ಚೀಟಿ ಆರೇಳು ವರ್ಷ ತಿಕ್ಕಿಸಿಕೊಂಡು ಬೆಳ್ಳಗಾಗಿತ್ತು. ಚಿಂತೆ ಇಲ್ಲ, ನಂಬರ್ ಬಯೋಸ್ ಒಳಗೂ, ಅಂದರೆ ವಿಂಡೋಸ್‌ಗಿಂತ ಮೊದಲು ಏಳುವ ಮದರ್‌ಬೋರ್ಡಿನ ಸಾಫ್ಟ್‌ವೇರ್ ಒಳಗೂ ಇರುತ್ತದೆ. ಮೆಷಿನ್ ಆನ್ ಆಗುವಾಗ ಬಯೋಸ್‌ಗೆ ಹೋಗಿ, ಸಿಸ್ಟಮ್ ಮಾಹಿತಿ ಇರುವ ಪುಟದಿಂದ ಬರೆದುಕೊಂಡೆ. ನಂಬರ್ ಕೊಟ್ಟ ಮೇಲೆ ಬಂದ ಪಟ್ಟಿ ನೋಡಿ. ವೈಫೈ ಅಂತ ಒಂದಲ್ಲ, ಮೂರು ಡ್ರೈವರ್: ಇಂಟೆಲ್‌ಗೆ ಒಂದು, ಕ್ವಾಲ್ಕಾಮ್‌ಗೆ ಒಂದು, ರಿಯಲ್‌ಟೆಕ್‌ಗೆ ಒಂದು. ಒಂದೇ ಮಾಡೆಲ್ ಹೆಸರಿನಲ್ಲಿ, ಆ ಹೊತ್ತಿಗೆ ಸಿಕ್ಕಿದ ಕಾರ್ಡ್ ಹಾಕಿ ಮಾರಿರುತ್ತಾರೆ. ಮಾಡೆಲ್ ನಂಬರ್ ಗೊತ್ತಿದ್ದರೆ ಸಾಲದು ಅಂತ ನಾನು ಬಡಿದುಕೊಳ್ಳುವುದು ಇದಕ್ಕೇ. 10ಇಸಿ ಅಂತ ಮೊದಲೇ ಬರೆದಿಟ್ಟುಕೊಂಡಿದ್ದರಿಂದ ಮೂರರಲ್ಲಿ ಯಾವುದು ಅಂತ ಯೋಚಿಸಬೇಕಾಗಿ ಬರಲಿಲ್ಲ.

ಇಲ್ಲಿ ಎಲ್ಲಾ ಕೈಯಿಂದಲೇ ಆಗಬೇಕು. ಮೊದಲು ಚಿಪ್‌ಸೆಟ್ (ಮದರ್‌ಬೋರ್ಡಿನ ಭಾಗಗಳನ್ನು ಜೋಡಿಸುವ ಚಿಪ್), ಆಮೇಲೆ ಗ್ರಾಫಿಕ್ಸ್, ಆಮೇಲೆ ಮಿಕ್ಕಿದ್ದು. ಒಂದೂವರೆ ಗಂಟೆ ಹಿಡಿಯಿತು, ನಡುವೆ ನಾಲ್ಕು ಸಲ ರೀಸ್ಟಾರ್ಟ್. ಡ್ರೈವರ್‌ಗಳೂ ಹಳೆಯವೇ, ಮಾರಾಟ ನಿಂತ ಮಾಡೆಲ್‌ಗೆ ಹೊಸದು ಹಾಕೋರು ಕಡಿಮೆ. ಆದರೂ ಐದೂ ಹಳದಿ ಗುರುತು ಹೋಗಿದ್ದು ಇದರಲ್ಲೇ. ಅಪ್‌ಡೇಟ್ ನಂತರವೂ ಉಳಿದಿದ್ದ ಆ 'ಅನ್‌ನೋನ್ ಡಿವೈಸ್' ಏನು ಗೊತ್ತಾ? ಐಡಿಯಲ್ಲಿ ಐಎನ್‌ಟಿ3400 ಅಂತಿತ್ತು. ಇಂಟೆಲ್‌ನ ಶಾಖ ನಿಯಂತ್ರಣದ ವ್ಯವಸ್ಥೆ ಅದು. ಮೆಷಿನ್ ಬಿಸಿಯಾದಾಗ ಎಷ್ಟು ನಿಧಾನ ಮಾಡಬೇಕು ಅನ್ನುವುದರಲ್ಲಿ ಅದರ ಕೈ ಇರುತ್ತದೆ. ಡೆಲ್ ಸಪೋರ್ಟ್‌ಅಸಿಸ್ಟ್, ಲೆನೊವೊ ವ್ಯಾಂಟೇಜ್, ಎಚ್‌ಪಿ ಸಪೋರ್ಟ್ ಅಸಿಸ್ಟೆಂಟ್, ಮೈಏಸಸ್ ಥರದ ಆಪ್ ಇದ್ದರೆ ಈ ಕೆಲಸ ಇನ್ನೂ ಹಗುರ.

ಮೂರನೆಯದು ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಸೈಟು. ಹಾರ್ಡ್‌ವೇರ್ ಐಡಿಯನ್ನು ಹಾಗೇ ಹುಡುಕುವ ಜಾಗದಲ್ಲಿ ಅಂಟಿಸಬಹುದು. ಬರುವ ಫೈಲು ಕ್ಯಾಬ್ ರೂಪದಲ್ಲಿ, ಅಂದರೆ ಜಿಪ್ ಥರ ಒತ್ತಿ ಕಟ್ಟಿದ ಗಂಟಾಗಿರುತ್ತದೆ. ಬಿಚ್ಚಿ ಒಂದು ಫೋಲ್ಡರ್‌ಗೆ ಹಾಕಿ, ಡಿವೈಸ್ ಮ್ಯಾನೇಜರ್‌ನಲ್ಲಿ 'ಅಪ್‌ಡೇಟ್ ಡ್ರೈವರ್', 'ಬ್ರೌಸ್ ಮೈ ಕಂಪ್ಯೂಟರ್' ಅಂತ ಹೋಗಿ ಆ ಫೋಲ್ಡರ್ ತೋರಿಸಬೇಕು. ಒಂದೇ ಹೆಸರಿನ ಹತ್ತಾರು ಸಾಲು ಬರುತ್ತವೆ, ಯಾವುದು ಅಂತ ಆರಿಸೋಕೆ ತಾಳ್ಮೆ ಬೇಕು. ವೈಫೈ ಒಂದಕ್ಕೆ ಮಾಡಿ ಸಾಕಪ್ಪಾ ಅಂತ ಬಿಟ್ಟೆ. ಕಂಪನಿಯ ಪುಟವೇ ಮಾಯವಾಗಿರೋ ಹಳೇ ಲ್ಯಾಪ್‌ಟಾಪ್ ಇದ್ದರೆ ಮಾತ್ರ ಇದರ ಬೆಲೆ ಗೊತ್ತಾಗುತ್ತದೆ.

ನಾಲ್ಕನೆಯದು 'ಒಂದೇ ಕ್ಲಿಕ್‌ನಲ್ಲಿ ಎಲ್ಲಾ ಡ್ರೈವರ್' ಅಂತ ಬರುವ ಆಪ್‌ಗಳು. ನಾನು ನೋಡಿದ್ದರ ಹೆಸರು ಬೇಡ. ಎಲ್ಲಾ ಡ್ರೈವರ್ ಸರಿಯಾಗಿ ಕೂತಿದ್ದ ಮೆಷಿನ್ ಮೇಲೆ ಬೇಕಂತಲೇ ಓಡಿಸಿದೆ. ಕೆಂಪು ಅಕ್ಷರದಲ್ಲಿ '31 ಡ್ರೈವರ್ ಹಳೆಯದಾಗಿವೆ' ಅಂತ ಹೆದರಿಸಿತು. ಪಟ್ಟಿ ಬಿಚ್ಚಿ ನೋಡಿದರೆ ಅರ್ಧಕ್ಕರ್ಧ 2006ರ ಜೂನ್ 21ರವು. ಎರಡಂತೂ 1968ರ ಜುಲೈ 18ರವು! ವಿಂಡೋಸೇ ಇಲ್ಲದ ಕಾಲದ ಡ್ರೈವರ್. "ಮಾವ, ಇದು ಅಜ್ಜನ ಕಾಲದ್ದು!" ಅಂತ ಹುಡುಗ ನಕ್ಕ.

ವಿಷಯ ಇಷ್ಟೇ. ವಿಂಡೋಸ್ ಡ್ರೈವರ್ ಆರಿಸುವಾಗ ಐಡಿ ಎಷ್ಟು ಹತ್ತಿರ ಹೊಂದುತ್ತದೆ ಅಂತ ಮೊದಲು ನೋಡುತ್ತದೆ, ಎರಡು ಸಮ ಬಂದರೆ ತಾರೀಖು ನೋಡುತ್ತದೆ. ವಿಂಡೋಸ್ ಜೊತೆಗೇ ಬರುವ ಸಾಮಾನ್ಯ ಡ್ರೈವರ್‌ಗಳಿಗೆ ಮೈಕ್ರೋಸಾಫ್ಟ್ ಬೇಕಂತಲೇ 2006ರ ಆ ಒಂದೇ ತಾರೀಖು ಹಾಕುತ್ತದೆ. ಹಾರ್ಡ್‌ವೇರ್ ಕಂಪನಿಯವರ ಡ್ರೈವರ್ ಇದ್ದರೆ ಅದೇ ಗೆಲ್ಲಲಿ ಅಂತ. ಇಂಟೆಲ್‌ನವರು ಚಿಪ್‌ಸೆಟ್ ಫೈಲುಗಳಿಗೆ ತಮ್ಮ ಕಂಪನಿ ಹುಟ್ಟಿದ ದಿನವನ್ನೇ ಹಾಕಿದ್ದಾರೆ, ಕಾರಣ ಅದೇ. ಅಂದರೆ ಆ ತಾರೀಖು ನೋಡಿ 'ಹಳೆಯದು' ಅನ್ನುವ ಆಪ್‌ಗೆ ಈ ಲೆಕ್ಕ ಗೊತ್ತಿಲ್ಲ, ಇಲ್ಲಾ ಗೊತ್ತಿದ್ದೂ ಹೆದರಿಸುತ್ತಿದೆ. ಎರಡನೆಯದೇ ಇರಬೇಕು, ಯಾಕಂದರೆ ಉಚಿತವಾಗಿ ಎರಡು ಹಾಕಿಕೊಟ್ಟು ಮಿಕ್ಕಿದ್ದಕ್ಕೆ ದುಡ್ಡು ಕೇಳಿತು. ಆ ಎರಡರಲ್ಲಿ ಒಂದು ಆಡಿಯೋ. ಹಾಕಿದ ಮೇಲೆ ಇಯರ್‌ಫೋನ್ ಸಿಕ್ಕಿಸಿದರೂ ಹಾಡು ಸ್ಪೀಕರ್‌ನಲ್ಲೇ ಬರುತ್ತಿತ್ತು. ಡಿವೈಸ್ ಮ್ಯಾನೇಜರ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ ಹಳೆಯದಕ್ಕೆ ಮರಳಿದ ಮೇಲೆ ಸರಿಹೋಯಿತು. ಆಪ್ ತೆಗೆದುಹಾಕುವಾಗಲೂ 'ನಿಜವಾಗಲೂ ಹೋಗ್ತೀರಾ' ಅಂತ ಮೂರು ಸಲ ಕೇಳಿತು.

ಕೊನೆಗೆ ಹುಡುಗನಿಗೆ ಬಿಟ್ಟುಬಂದಿದ್ದು ಎರಡು ದಾರಿಯ ಬೆರಕೆ. ಫೋನ್ ಟೆದರಿಂಗ್ ಮಾಡಿ ವಿಂಡೋಸ್ ಅಪ್‌ಡೇಟ್; ಚಿಪ್‌ಸೆಟ್, ಆಡಿಯೋ ಮತ್ತು ಆ ಐಎನ್‌ಟಿ3400ಕ್ಕೆ ಮಾತ್ರ ಕಂಪನಿಯ ಸೈಟು. ಒಟ್ಟು ಒಂದು ಗಂಟೆ ಆಯಿತು. ಕಂಪನಿಯ ಪುಟದಲ್ಲಿ ಬಯೋಸ್ ಅಪ್‌ಡೇಟ್ ಕೂಡ ಇತ್ತು, ಅದನ್ನು ಮುಟ್ಟಲಿಲ್ಲ. ಬ್ಯಾಟರಿ ಹತ್ತು ನಿಮಿಷ ನಿಲ್ಲುವುದಿಲ್ಲ, ಆ ಮಳೆಯಲ್ಲಿ ಕರೆಂಟ್ ದಿನಕ್ಕೆ ಐದು ಸಲ ಹೋಗುತ್ತಿತ್ತು. ಬಯೋಸ್ ಬರೆಯುವಾಗ ಕರೆಂಟ್ ಹೋದರೆ ಮದರ್‌ಬೋರ್ಡ್ ಏಳದೇ ಹೋಗಬಹುದು, ಆಗ 1,800ರಲ್ಲಿ ಮುಗಿಯುವುದಿಲ್ಲ.

ಹೊರಡುವ ಮುಂಚೆ ವಿಂಡೋಸ್‌ನಲ್ಲೇ ಇರುವ 'ಪಿಎನ್‌ಪಿಯುಟಿಲ್' ಅನ್ನುವ ಕಮಾಂಡ್‌ನಿಂದ, ಹೊರಗಿನಿಂದ ಬಂದ ಡ್ರೈವರ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಎಕ್ಸ್‌ಪೋರ್ಟ್ ಮಾಡಿಕೊಟ್ಟೆ. ಮುಂದಿನ ಸಲ ಫಾರ್ಮ್ಯಾಟ್ ಆದರೆ ಆ ಫೋಲ್ಡರ್ ತೋರಿಸಿದರಾಯಿತು, ನೆಟ್ ಕೂಡ ಬೇಡ.

"ಮಾವ, ಉಳಿದ 1,800ಕ್ಕೆ ರಾಮ್ ಹಾಕಿಸ್ಲಾ?" ಅಂದ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ಅಂತ ಹೋದರೆ ಎಷ್ಟು ಸ್ಲಾಟ್ ಇದೆ, ಎಷ್ಟು ತುಂಬಿದೆ ಅಂತ ಬರುತ್ತೆ, ಮೊದಲು ಅದನ್ನ ನೋಡಿ ಹೇಳು ಅಂದೆ. ಬಸ್ ತಾಳಗುಪ್ಪ ರಸ್ತೆಯ ತಿರುವು ದಾಟುವ ಹೊತ್ತಿಗೆ ಅವನ ಸ್ಕ್ರೀನ್‌ಶಾಟ್ ಬಂದಿತ್ತು: ಎರಡರಲ್ಲಿ ಒಂದು ಖಾಲಿ.