ಸಿದ್ದಾಪುರ ಕಡೆಯ ಹೋಮ್‌ಸ್ಟೇ: ರಾತ್ರಿ ಕಪ್ಪೆ ನೋಡುವ ನಡಿಗೆ ಹೇಗಿದೆ?

ಈ ಹೋಮ್‌ಸ್ಟೇಯ ಜಾಹೀರಾತಿನಲ್ಲಿ ಕೆಂಪು ಕಣ್ಣಿನ, ನೀಲಿ ಪಕ್ಕೆಯ ಹಸಿರು ಕಪ್ಪೆಯ ಫೋಟೊ ಇದೆ. ಅದು ಮಧ್ಯ ಅಮೆರಿಕದ ಕಪ್ಪೆ. ಉತ್ತರ ಕನ್ನಡದ ಅಡಿಕೆ ತೋಟದಲ್ಲಿ ಸಿಗಬೇಕಾದರೆ ಯಾರಾದರೂ ಪಾರ್ಸೆಲ್ ತರಿಸಬೇಕು. ಕೆಳಗೆ ‘ಸಾಲಮಾಂಡರ್ ಕೂಡ ನೋಡಿ’ ಅಂತ ಬೇರೆ ಹಾಕಿದ್ದಾರೆ. ಸಾಲಮಾಂಡರ್ ಅಂದರೆ ನೋಡಲು ಹಲ್ಲಿಯಂತಿದ್ದು, ಬಾಲವಿರುವ ಕಪ್ಪೆ ಬಳಗದ ಪ್ರಾಣಿ. ನಮ್ಮ ದೇಶದಲ್ಲಿ ಆ ಗುಂಪಿನವು ಇರುವುದು ಡಾರ್ಜಿಲಿಂಗ್ ಮತ್ತು ಈಶಾನ್ಯದ ಬೆಟ್ಟಗಳಲ್ಲಿ. ಕರ್ನಾಟಕದಲ್ಲಿ ಒಂದೂ ಇಲ್ಲ. ನಾನು ಹುಬ್ಬಳ್ಳಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವವಳು, ಸುಮ್ನಿರಲು ಆಗಲಿಲ್ಲ. ಮಾಲೀಕರಿಗೆ ಹೇಳಿದೆ. ‘ಆ ಫೋಟೊ ನೋಡಿಯೇ ಜನ ಬರೋದು ಮೇಡಂ’ ಎಂದು ನಕ್ಕರು.

ನಡಿಗೆಗೆ ತಲೆಗೆ 600 ರೂಪಾಯಿ, ಮಕ್ಕಳಿಗೆ ಅರ್ಧ. ದುಡ್ಡು ವಸೂಲಾಗಿದ್ದು ಕರೆದುಕೊಂಡು ಹೋದ ಹುಡುಗನಿಂದ. ಮಾಲೀಕರ ಅಣ್ಣನ ಮಗನಂತೆ. ಹೊರಡುವ ಮುಂಚೆ ಎಲ್ಲರ ಕೈ ಮೂಸಿ ನೋಡಿದ! ಸೊಳ್ಳೆ ಕ್ರೀಮು ಹಚ್ಚಿದ್ದವರನ್ನು ಬಚ್ಚಲಿಗೆ ಕಳಿಸಿದ. ಕಪ್ಪೆ ಚರ್ಮದಿಂದಲೇ ನೀರು ಹೀರುತ್ತದೆ, ಉಸಿರೂ ಆಡುತ್ತದೆ. ನಮ್ಮ ಕೈಯಲ್ಲಿರುವುದು ಸೀದಾ ಅದರ ಮೈಯೊಳಗೆ ಹೋಗುತ್ತದೆ. ಅಷ್ಟೆಲ್ಲ ತೊಳೆಸಿ ಕೊನೆಗೆ ಒಂದು ಕಪ್ಪೆಯನ್ನೂ ಮುಟ್ಟಲು ಬಿಡಲಿಲ್ಲ ಅನ್ನಿ.

ತೋಟದ ಕೆಳಗಿನ ಹಳ್ಳದ ಹತ್ತಿರ ಟಾರ್ಚ್ ಆರಿಸಲು ಹೇಳಿದ. ‘ಅಕ್ಕಾ, ಎಷ್ಟು ಥರದ ಕೂಗು ಕೇಳ್ತು ಅಂತ ಆಮೇಲೆ ಹೇಳಿ, ಈಗ ಮಾತು ಬೇಡ.’ ನನಗೆ ಮೂರು ಕೇಳಿಸಿದವು, ಮಗನಿಗೆ ಐದು. ಅದರಲ್ಲಿ ಟಕ್ ಟಕ್ ಅನ್ನುತ್ತಿದ್ದದ್ದು ಕುಂಬಾರ ಕಪ್ಪೆ. ಇದೇ ತಾಲ್ಲೂಕಿನ ಕತ್ತಲೆಕಾನು ಎಂಬ ಕಾಡಿನಲ್ಲಿ ಕಪ್ಪೆ ವಿಜ್ಞಾನಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಗುರುತಿಸಿ, 2014ರಲ್ಲಿ ನಿಕ್ಟಿಬ್ಯಾಟ್ರಾಕಸ್ ಕುಂಬಾರ ಎಂದು ವೈಜ್ಞಾನಿಕ ಹೆಸರಿಟ್ಟದ್ದು. ಹೆಣ್ಣು ಮೊಟ್ಟೆ ಇಟ್ಟು ಹೊರಟರೆ, ಗಂಡು ಹಳ್ಳದಿಂದ ಕೆಸರು ತಂದು ಮುಂಗೈಯಲ್ಲಿ ಮೊಟ್ಟೆಗೆ ಮೆತ್ತುತ್ತದೆ. ಮೆತ್ತುವುದು ನಮಗೆ ಕಾಣಲಿಲ್ಲ. ನೀರಿನ ಮೇಲೆ ಬಾಗಿದ್ದ ಕಡ್ಡಿಯಲ್ಲಿ ಮೆತ್ತಿದ ಮೊಟ್ಟೆ ತೋರಿಸಿದ. ಅವನಿಲ್ಲದಿದ್ದರೆ ಯಾರೋ ಕೆಸರು ಒರೆಸಿದ್ದಾರೆ ಅಂದುಕೊಳ್ಳಬೇಕಿತ್ತು, ಅಷ್ಟೇ.

ಮನೆ ಹಿಂದಿನ ಕೆರೆಯ ಮೇಲೆ ಎಲೆಗೆ ಅಂಟಿದ ಬಿಳಿ ನೊರೆ ಮಲಬಾರ್ ಹಾರುವ ಕಪ್ಪೆಯದು. ನೊರೆ ಕರಗಿದಾಗ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ. ಏಲಕ್ಕಿ ಗಿಡದ ಮೇಲಿದ್ದ ಪೊದೆಗಪ್ಪೆಗೆ ಆ ಗೊದಮೊಟ್ಟೆ ಅವಸ್ಥೆಯೇ ಇಲ್ಲ, ಮೊಟ್ಟೆಯಿಂದ ನೇರ ಪುಟಾಣಿ ಕಪ್ಪೆ. ಪಠ್ಯಪುಸ್ತಕದ ಜೀವನಚಕ್ರದ ಚಿತ್ರ ಹಾಕಿಸಿ ಹಾಕಿಸಿ ಸುಸ್ತಾದ ನನಗೆ ಇದು ಬಹಳ ಖುಷಿ ಕೊಟ್ಟಿತು.

ಗೊಬ್ಬರದ ಗುಂಡಿ ಹತ್ತಿರ ಹಳದಿ ಪಟ್ಟೆಯ ಸಿಸಿಲಿಯನ್ ಸಿಕ್ಕಿತು. ಹಾವೂ ಅಲ್ಲ, ಎರೆಹುಳವೂ ಅಲ್ಲ, ಕಪ್ಪೆಯ ಬಳಗದ್ದೇ, ಕಾಲಿಲ್ಲ. ಹಾವು ಅಂತ ಹೊಡೆದು ಹಾಕುತ್ತಾರಂತೆ. ಜಾಹೀರಾತಿನಲ್ಲಿ ಹಾಕಬೇಕಾದದ್ದು ಇದರ ಫೋಟೊ, ಅಲ್ವಾ?

ಬೇಸರದ ಮಾತೂ ಇದೆ. ನಾವು ಹೋದದ್ದು ಶನಿವಾರ. ಒಬ್ಬ ಹುಡುಗನ ಹಿಂದೆ ಹದಿನಾಲ್ಕು ಜನ. ಹಿಂದಿದ್ದವರಿಗೆ ಕಂಡದ್ದು ಮುಂದಿನವರ ರೇನ್‌ಕೋಟು. ಇಬ್ಬರು ಕಪ್ಪೆಯ ಮುಖಕ್ಕೇ ಫ್ಲ್ಯಾಶ್ ಹೊಡೆಯುತ್ತಲೇ ಇದ್ದರು, ಅವನು ಹೇಳಿದರೂ ಕೇಳಲಿಲ್ಲ. ಅದನ್ನು ತಡೆಯಬೇಕಾದವರು ಬುಕಿಂಗ್ ತೆಗೆದುಕೊಳ್ಳುವವರು. ಗುಂಪಿಗೆ ಆರು ಜನ ಸಾಕು, ಬೇಕಾದರೆ ನೂರು ರೂಪಾಯಿ ಜಾಸ್ತಿ ತಗೊಳ್ಳಲಿ.

ಊಟ ಚೆನ್ನಾಗಿದೆ. ಕಳಲೆ ಪಲ್ಯ, ಒಂದೆಲಗದ ತಂಬುಳಿ, ಬೆಳಿಗ್ಗೆ ತೆಳ್ಳೇವು. ಹಾಸಿಗೆ ಮಾತ್ರ ಥಂಡಿ ಹಿಡಿದಿತ್ತು, ಆ ಮಳೆಯಲ್ಲಿ ಇನ್ನೇನು ಮಾಡುತ್ತಾರೆ ಪಾಪ.

ಗಂಬೂಟು ಅವರೇ ಕೊಡುತ್ತಾರೆ, ಆದರೆ ಮಕ್ಕಳ ಅಳತೆಯದ್ದು ಇಲ್ಲ. ಇಂಬಳ (ಜಿಗಣೆ) ಹತ್ತದಂತೆ ಹಾಕುವ ಕಾಲುಚೀಲ ನೀವೇ ಒಯ್ಯಿರಿ. ಮಳೆ ಬಿಟ್ಟ ಮೇಲೆ ಹೋದರೆ ಕೂಗು ಕಡಿಮೆ, ಜೂನ್ ಕೊನೆಯಿಂದ ಆಗಸ್ಟ್ ಒಳಗೆ ಹೋಗಿ. ಬುಕ್ ಮಾಡುವಾಗ ವಾರದ ನಡುವಿನ ದಿನ ಕೇಳಿ, ಅದೇ ಹುಡುಗ ಬರುತ್ತಾನಾ ಅಂತಲೂ ವಿಚಾರಿಸಿ. ಅವನು ಶಿರಸಿಯಲ್ಲಿ ಕಾಲೇಜು ಓದುತ್ತಿದ್ದಾನೆ, ಪರೀಕ್ಷೆ ಇದ್ದರೆ ಊರಲ್ಲಿ ಇರುವುದಿಲ್ಲ.