ಟ್ಯೂಬ್‌ಲೆಸ್ ಎಂದು ಹಣ ಪಡೆದರು, ಒಳಗಿದ್ದದ್ದು ತೇಪೆ ಹಾಕಿದ ಟ್ಯೂಬ್

ಜೈಸಲ್ಮೇರ್ ಕಡೆಯ ಮರಳುಹಾದಿಗಳಲ್ಲಿ ಓಡಿಸಿ ನೋಡಲೆಂದೇ ದಕ್ಷಿಣ ಬೆಂಗಳೂರಿನ ಒಂದು ಅಂಗಡಿಯಿಂದ ಮೌಂಟನ್ ಬೈಕ್, ಅಂದರೆ ಗುಡ್ಡಗಾಡಿನ ಸೈಕಲ್, ಬಾಡಿಗೆಗೆ ಪಡೆದೆ. ಒಗ್ಗಿದರೆ ಅದನ್ನೇ ಕೊಳ್ಳುವ ಮಾತೂ ಆಗಿತ್ತು. ಚಕ್ರಗಳನ್ನು ಟ್ಯೂಬ್‌ಲೆಸ್ ಮಾಡಿಸುವುದಕ್ಕೆ ಮತ್ತು ಮರಳು ಮೆತ್ತಿಕೊಳ್ಳದಂತೆ ಹೊಸ ಚೈನಿಗೆ ಮೇಣ ಹಾಕಿಸುವುದಕ್ಕೆ ಪ್ರತ್ಯೇಕ ಹಣ ಪಡೆದರು. ಬಿಲ್ಲಿನಲ್ಲಿ ಹಾಗೆಯೇ ಬರೆದಿದೆ, ಆ ಬಿಲ್ಲು ನನ್ನ ಬಳಿಯೇ ಇದೆ.

ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ಓಡಿಸಿದಾಗ ಯಾವ ತೊಂದರೆಯೂ ಕಾಣಲಿಲ್ಲ, ಏಕೆಂದರೆ ಅಲ್ಲಿ ಟೈರಿಗೆ ಗಾಳಿ ಗಟ್ಟಿಯಾಗಿ ತುಂಬಿತ್ತು. ಮರಳಿನಲ್ಲಿ ಅದು ನಡೆಯುವುದಿಲ್ಲ. ಗಾಳಿಯ ಒತ್ತಡವನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸದಿದ್ದರೆ ಮುಂದಿನ ಚಕ್ರ ಹೂತುಹೋಗುತ್ತದೆ. ಇಳಿಸಿದಾಗ ಒಳಗೆ ಟ್ಯೂಬ್ ಇದ್ದರೆ ಅದು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಸೀಳುತ್ತದೆ. ಅದರ ಮೇಲೆ ಥಾರ್ ಹಾದಿಗಳ ನೆಗ್ಗಿಲು ಮುಳ್ಳು ಬೇರೆ. ಟ್ಯೂಬ್‌ಲೆಸ್ ಟೈರಿನಲ್ಲಾದರೆ ಮುಳ್ಳು ಚುಚ್ಚಿದ ತೂತನ್ನು ಒಳಗಿನ ಸೀಲೆಂಟ್ ದ್ರವವೇ ಮುಚ್ಚುತ್ತದೆ. ಟ್ಯೂಬ್‌ಲೆಸ್‌ಗೆಂದು ನಾನು ಹಣ ಕೊಟ್ಟದ್ದು ಅದಕ್ಕೆ, ಅದೊಂದಕ್ಕೇ.

ಜೈಸಲ್ಮೇರ್ ಬಳಿಯ ಸಮ್ ಮರಳುದಿಬ್ಬಗಳ ರಸ್ತೆ ಬಿಟ್ಟು ಒಳಹಾದಿಗೆ ತಿರುಗಿದ ಸ್ವಲ್ಪ ಹೊತ್ತಿಗೆ ಹಿಂದಿನ ಚಕ್ರದ ಗಾಳಿ ಪೂರ್ತಿ ಇಳಿಯಿತು. ಬಿಸಿಲಿನಲ್ಲಿ ಕುಳಿತು ಟೈರ್ ಬಿಚ್ಚಿದೆ. ಸೀಲೆಂಟಿನ ಒಂದು ಹನಿಯೂ ಇಲ್ಲ, ಗಾಳಿ ಸೋರದಂತೆ ರಿಮ್ಮಿನ ತೂತುಗಳನ್ನು ಮುಚ್ಚುವ ಟ್ಯೂಬ್‌ಲೆಸ್ ಟೇಪೂ ಇಲ್ಲ. ಇದ್ದದ್ದು ಮಾಮೂಲಿ ಟ್ಯೂಬು, ಅದರ ಮೇಲೆ ಯಾರೋ ಎಂದೋ ಅಂಟಿಸಿದ, ಅಂಚು ಎದ್ದು ಮಣ್ಣು ಹಿಡಿದ ಎರಡು ತೇಪೆ. ಹೊಸ ಟ್ಯೂಬನ್ನಾದರೂ ಹಾಕುವ ಮರ್ಯಾದೆ ಅವರಿಗಿರಲಿಲ್ಲ! ಆ ತೇಪೆಗಳನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದಾಗ ಉಂಟಾದ ಸಿಟ್ಟು ಮತ್ತು ನಾಚಿಕೆ ಇನ್ನೂ ಆರಿಲ್ಲ. ಚೈನಿಗೂ ಮೇಣವಿರಲಿಲ್ಲ, ಬಳಿದಿದ್ದ ಜಿಡ್ಡೆಣ್ಣೆಗೆ ಮರಳು ಮೆತ್ತಿಕೊಂಡು ಸಾಣೆ ಹಿಡಿದಂತೆ ಹಲ್ಲುಚಕ್ರವನ್ನು ಸವೆಸುತ್ತಿತ್ತು.

ಅಂಗಡಿಯವರಿಗೆ ಫೋನ್ ಮಾಡಿದರೆ, “ಬಿಸಿಲಿಗೆ ಸೀಲೆಂಟ್ ಒಣಗಿರುತ್ತೆ ಸಾರ್” ಎಂದರು. ಟ್ಯೂಬಿನ ಫೋಟೋ ಕಳುಹಿಸಿದ ಮೇಲೆ ಮಾತು ಬದಲಾಯಿತು: “ಮರುಭೂಮಿಗೆ ಟ್ಯೂಬೇ ವಾಸಿ, ನಿಮ್ಮ ಒಳ್ಳೆಯದಕ್ಕೇ ಹಾಕಿದ್ದು.” ಬೆಂಗಳೂರಿಗೆ ಮರಳಿ ಬಿಲ್ಲನ್ನು ಎದುರಿಗಿಟ್ಟಾಗ ಅದೇ ವ್ಯಕ್ತಿ, ಕಣ್ಣು ಕೂಡ ಮಿಟುಕಿಸದೆ, “ಅಲ್ಲೇ ಯಾರೋ ಬದಲಾಯಿಸಿರಬೇಕು” ಎಂದು ಹೇಳಿದರು. ಒಣಗಿದ ಸೀಲೆಂಟು, ನನ್ನ ಒಳ್ಳೆಯದಕ್ಕೆ ಹಾಕಿದ ಟ್ಯೂಬು, ಜೈಸಲ್ಮೇರಿನ ಕಳ್ಳ, ಈ ಮೂರೂ ಒಂದೇ ಚಕ್ರದಲ್ಲಿ ಇರಲು ಹೇಗೆ ಸಾಧ್ಯ ಎಂದು ಕೇಳಿದ್ದಕ್ಕೆ ಉತ್ತರವಿಲ್ಲ. ಅದರ ಬದಲು, ಮರಳಿನಲ್ಲಿ ಓಡಿಸಿ ಚೈನ್ ಹಾಳುಮಾಡಿದ್ದೀರಿ ಎಂದು ನನ್ನ ಠೇವಣಿಯಲ್ಲೇ ಹಣ ಮುರಿದುಕೊಂಡರು. ಸೈಕಲ್ಲು ಮರಳಿಗೆ ಹೋಗುತ್ತದೆಂದು ತಿಳಿದೇ ಬಾಡಿಗೆಗೆ ಕೊಟ್ಟವರು ಇವರು!

ಇಂಥ ಕೆಲಸಕ್ಕೆ ಹಣ ಕೊಡುವವರು ಟೈರನ್ನು ತಮ್ಮ ಕಣ್ಣೆದುರೇ ಬಿಚ್ಚಿಸಿ, ಸೀಲೆಂಟ್ ಸುರಿಯುವುದನ್ನು ನೋಡಿ, ವಿಡಿಯೋ ಮಾಡಿಕೊಳ್ಳಿ. ಅಂಗಡಿಯವರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಆಮೇಲೆ ಅಂಗಡಿಯಿಂದಲೇ ಫೋನ್ ಬಂತು. ದೂರು ಹಿಂಪಡೆದರೆ ಅರ್ಧ ಹಣ ಕೊಡುತ್ತಾರಂತೆ. ಪೂರ್ತಿ ಹಣ ಬರುವವರೆಗೆ ಹಿಂಪಡೆಯುವುದಿಲ್ಲ ಎಂದು ತಿಳಿಸಿದ್ದೇನೆ.